ಅಪ್‌ಡೇಟ್: .38 ಸ್ಪೆಷಲ್‌ನಲ್ಲಿ ಎರಕದ ಗುಂಡಿಗೆ ಯಾವ ಮದ್ದು?

ಟೆಕ್ಸಾಸ್‌ನಲ್ಲಿ ರಿವಾಲ್ವರಿಗೆ .38 ಸ್ಪೆಷಲ್ ಅಳತೆಯ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ. 158 ಗ್ರೇನ್ (ಸುಮಾರು 10 ಗ್ರಾಂ) ತೂಕದ ಸೀಸದ ಎರಕದ ಗುಂಡು ಹಾರಿಸಿದರೆ ನಳಿಕೆಗೆ ಸೀಸ ಮೆತ್ತುತ್ತಿದೆ, ಮದ್ದು ಬದಲಿಸಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಬುಲ್ಸ್‌ಐ, ಯುನೀಕ್, ಎಚ್‌ಪಿ-38 ಎಂಬ ಮೂರು ಮದ್ದುಗಳನ್ನೂ ಕೈಪಿಡಿಯ ಆರಂಭಿಕ ಪ್ರಮಾಣದಿಂದ ಶುರುಮಾಡಿ ಪರೀಕ್ಷಿಸಿದೆ. ಸೀಸದ ಕಾಟ ನಿಂತದ್ದು ಮಾತ್ರ ಮದ್ದಿನಿಂದಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಸಿಲಿಂಡರಿನ ಬಾಯಿಗಳನ್ನು ಅಳೆದು, ಗುಂಡಿನ ವ್ಯಾಸವನ್ನು .357ರ ಬದಲು .358 ಇಂಚಿಗೆ ಇಟ್ಟುಕೊಂಡೆ. ಆಮೇಲೆ ಮೂರೂ ಮದ್ದುಗಳಲ್ಲಿ ನಳಿಕೆ ಸ್ವಚ್ಛವಾಗಿಯೇ ಉಳಿಯಿತು.

ಯುನೀಕ್‌ನ ಚಕ್ಕೆಗಳು ದಪ್ಪ. ಅಳತೆಯ ಯಂತ್ರದಿಂದ ಪ್ರತಿ ಸಲ ಒಂದೇ ಸಮ ಬೀಳುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಪೂರ್ತಿ ಉರಿಯದ ಚಕ್ಕೆಗಳು ಖಾಲಿ ಕೇಸುಗಳನ್ನು (ತೋಟಾದ ಲೋಹದ ಕವಚಗಳನ್ನು) ಹೊರತಳ್ಳುವ ನಕ್ಷತ್ರಾಕಾರದ ತುಂಡಿನಡಿ ಸೇರಿ, ಸಿಲಿಂಡರ್ ಬಿಗಿಯಾಗಿ ತಿರುಗತೊಡಗಿತು. ಎಚ್‌ಪಿ-38 ನೀರಿನಂತೆ ಸಲೀಸಾಗಿ ಇಳಿಯುತ್ತದೆ. ಆದರೆ ನಳಿಕೆಯನ್ನು ಕೆಳಗೆ ಬಾಗಿಸಿ ಮೆಲ್ಲನೆ ಎತ್ತಿ ಹಾರಿಸಿದಾಗ ವೇಗ ಇಳಿಯುವುದು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಸ್ಪಷ್ಟವಾಗಿ ಕಂಡಿತು. ಕಪ್ಪು ಮದ್ದಿನ ಕಾಲದ ಈ ಉದ್ದನೆಯ ಕೇಸಿನಲ್ಲಿ ಖಾಲಿ ಜಾಗ ಹೆಚ್ಚು. ಮದ್ದು ಮುಂದಕ್ಕೆ ಜಾರಿ, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರಿನಿಂದ ದೂರವಾಗುತ್ತದೆ.

ಗುರಿಹಲಗೆಯ ಮೇಲೆ ಬುಲ್ಸ್‌ಐ ಗೆದ್ದಿತು, ಅದನ್ನೇ ಇಟ್ಟುಕೊಳ್ಳುತ್ತೇನೆ. ಒಂದೇ ಎಚ್ಚರಿಕೆ: ಎರಡು ಪಾಲು ಬಿದ್ದರೂ ಈ ಕೇಸು ತುಂಬಿ ಚೆಲ್ಲುವುದಿಲ್ಲ. ಅಂಥದ್ದು ಸಿಡಿದರೆ ರಿವಾಲ್ವರೂ ಕೈಯೂ ಉಳಿಯಲಾರವು. ಗುಂಡು ಕೂರಿಸುವ ಮೊದಲು ಪ್ರತಿಯೊಂದು ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿ. ಮುಂದೆ 148 ಗ್ರೇನ್ ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡು) ಪರೀಕ್ಷಿಸಲಿದ್ದೇನೆ.