ಅಜ್ಜನ ಟ್ರಂಕಿನಲ್ಲಿ 1919ರ ಸಿಂಡರೆಲ್ಲಾ ಸಿಕ್ಕಿದೆ, ಏನು ಮಾಡಲಿ?

ಪ್ರಶ್ನೆ, ದಾವಣಗೆರೆಯಿಂದ:
ನಮ್ಮ ಅಜ್ಜ ಮೇಷ್ಟ್ರಾಗಿದ್ದರು. ಅವರ ಟ್ರಂಕಿನಲ್ಲಿ ಇಂಗ್ಲಿಷಿನ ಸಿಂಡರೆಲ್ಲಾ ಪುಸ್ತಕ ಸಿಕ್ಕಿದೆ. ಲಂಡನ್ನಿನ ವಿಲಿಯಂ ಹೈನ್‌ಮನ್ ಪ್ರಕಾಶನ, 1919 ಅಂತಿದೆ. ಚಿತ್ರ ಆರ್ಥರ್ ರ‍್ಯಾಕಮ್ ಅವರದು. ಹಿಂದಿನ ರಟ್ಟಿನ ಒಳಗೆ ಹಿಗ್ಗಿನ್‌ಬಾಥಮ್ಸ್ ಅಂಗಡಿಯ ಪುಟ್ಟ ಚೀಟಿ ಅಂಟಿದೆ. ಪುಸ್ತಕದ ಬೆನ್ನು ಸಡಿಲವಾಗಿದೆ. ಇದು ಮೊದಲ ಮುದ್ರಣವೇ? ಹೊಸದಾಗಿ ಬೈಂಡ್ ಮಾಡಿಸಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ದಾವಣಗೆರೆಯ ಬೈಂಡರ್:
ಮೇಡಂ, ನಾನು ಇದೇ ಊರಲ್ಲಿ ಬೈಂಡಿಂಗ್ ಕೆಲಸ ಮಾಡುವವನು. ಬೈಂಡ್ ಮಾಡಿಸಬೇಡಿ. ನಾವು ಹಳೇ ರಟ್ಟು ಕಿತ್ತು, ಬೆನ್ನಿನ ಅಂಟು ಕೆರೆದು, ಮತ್ತೆ ಹೊಲಿದು, ಕಟಿಂಗ್ ಮಷಿನ್‌ಗೆ ಹಾಕಿ ಮೂರೂ ಅಂಚು ಸಮ ಮಾಡುತ್ತೇವೆ. ಆಫೀಸಿನ ರಿಜಿಸ್ಟರ್‌ಗೆ ಅದು ಸರಿ. ನಿಮ್ಮ ಪುಸ್ತಕಕ್ಕೆ ಹಾಗೆ ಮಾಡಿದರೆ ಮೂಲ ರಟ್ಟು ಹೋಯಿತು, ಹಾಳೆಯ ಅಂಚು ಹೋಯಿತು, ಆ ಚೀಟಿಯೂ ಹೋಯಿತು. ಹಳೇ ಪುಸ್ತಕ ಕೊಳ್ಳುವವರು ದುಡ್ಡು ಕೊಡೋದೇ ಅವಕ್ಕೆ. ಟೇಪ್ ಹಚ್ಚಬೇಡಿ, ಅದರ ಅಂಟು ಬರಬರುತ್ತಾ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್ ಅಂತೂ ಬೇಡವೇ ಬೇಡ. ಸದ್ಯಕ್ಕೆ ಅಗಲವಾದ ಹತ್ತಿ ಲಾಡಿ ಸುತ್ತಿ ಮೆತ್ತಗೆ ಕಟ್ಟಿ. ಗಂಟು ಹಾಳೆ ತೆರೆಯುವ ಅಂಚಿನ ಕಡೆ ಬರಲಿ, ರಟ್ಟಿನ ಮೇಲೆ ಬಂದರೆ ಒತ್ತಿ ಗುರುತು ಬೀಳುತ್ತದೆ.

ಚಿತ್ರದುರ್ಗದ ಪುಸ್ತಕ ಸಂಗ್ರಾಹಕ:
ಬೈಂಡರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಈಗ ಮುದ್ರಣದ ವಿಷಯ. ಸಿಂಡರೆಲ್ಲಾ ಕಥೆ ಬಹಳ ಹಳೆಯದು. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲೇ ಅದನ್ನು ಅಚ್ಚು ಹಾಕಿಸಿದ್ದರು. 1812ರಲ್ಲಿ ಬರ್ಲಿನ್ನಿನಲ್ಲಿ ಬಂದ ಗ್ರಿಮ್ ಸೋದರರ ಮೊದಲ ಸಂಪುಟದಲ್ಲೂ ಈ ಕಥೆ ಇದೆ. ಹಾಗಾಗಿ ನಿಮ್ಮ ಕೈಲಿರುವುದು ಕಥೆಯ ಮೊದಲ ಮುದ್ರಣ ಅಲ್ಲ. ಸಿ.ಎಸ್. ಇವಾನ್ಸ್ ಮತ್ತೆ ಹೇಳಿದ ಕಥೆಗೆ ರ‍್ಯಾಕಮ್ ಚಿತ್ರ ಬರೆದ ಪುಸ್ತಕದ ಮೊದಲ ಮುದ್ರಣ ಇರಬಹುದು. ಸಂಗ್ರಾಹಕರು ಹುಡುಕುವುದು ಅದನ್ನೇ.

ಶೀರ್ಷಿಕೆ ಹಾಳೆಯ ಹಿಂಬದಿ ನೋಡಿ. 1919ರ ನಂತರದ ಇಸವಿ, ಅಥವಾ ‘ರೀಪ್ರಿಂಟೆಡ್’, ‘ನ್ಯೂ ಇಂಪ್ರೆಶನ್’ ಅಂತ ಇದ್ದರೆ ಅದು ಮರುಮುದ್ರಣ. ರ‍್ಯಾಕಮ್ ಸಹಿ ಹಾಕಿ, ನಂಬರ್ ಕೊಟ್ಟ ಸೀಮಿತ ಪ್ರತಿಗಳೂ ಇವೆ. ಅವುಗಳ ಬೆಲೆಯೇ ಬೇರೆ. ಸಹಿ ಇಲ್ಲದಿದ್ದರೆ ಬೇಜಾರು ಬೇಡ, ಸಾಮಾನ್ಯ ಪ್ರತಿಗೂ ಕೇಳುವವರಿದ್ದಾರೆ.

ಒಂದು ಕೆಲಸ ತಪ್ಪದೇ ಮಾಡಿ. ಪುಸ್ತಕದ ಶುರುವಿನಲ್ಲಿ ಬಣ್ಣದ ಚಿತ್ರ ಇದೆಯಾ ನೋಡಿ. ಆ ಕಾಲದಲ್ಲಿ ಇಂಥ ಚಿತ್ರವನ್ನು ಬೇರೆ ಅಚ್ಚು ಮಾಡಿ, ದಪ್ಪ ಹಾಳೆಯ ಮೇಲೆ ಒಂದು ಅಂಚಿಗೆ ಮಾತ್ರ ಅಂಟು ಹಚ್ಚಿ ಕೂರಿಸುತ್ತಿದ್ದರು. ಸುಲಭವಾಗಿ ಕಿತ್ತು ಬರುತ್ತದೆ. ಫ್ರೇಮ್ ಹಾಕಿಸಲು ಕಿತ್ತವರು ಬಹಳ ಜನ. ಅದು ಇಲ್ಲದಿದ್ದರೆ ಬೆಲೆ ಬಿದ್ದುಹೋಗುತ್ತದೆ. ಉಳಿದ ಚಿತ್ರಗಳು ಹೆಚ್ಚಾಗಿ ಕಪ್ಪು ನೆರಳಿನವು. ಕಣ್ಣು ಮೂಗು ಏನೂ ಬರೆಯದೆ, ಬಾಗಿದ ಬೆನ್ನು, ಚಾಚಿದ ಬೆರಳು, ಇಷ್ಟರಲ್ಲೇ ಮಲತಾಯಿಯ ಸಿಟ್ಟು ಗೊತ್ತಾಗುತ್ತದೆ. ನನಗಂತೂ ಅವರ ಬಣ್ಣದ ಚಿತ್ರಗಳಿಗಿಂತ ಇವೇ ಇಷ್ಟ. ಮಾರುವ ಯೋಚನೆ ಇದ್ದರೂ ಮೊದಲು ಮನೆಯ ಮಕ್ಕಳಿಗೆ ಕೈ ತೊಳೆಸಿ, ಮೇಜಿನ ಮೇಲಿಟ್ಟು ತೋರಿಸಿ.

ದಾವಣಗೆರೆಯ ನಿವೃತ್ತ ಲೈಬ್ರೇರಿಯನ್:
ತಂಗಿ, ನಮ್ಮ ಕಡೆ ಬಿಸಿಲಿಗಿಂತ ಗೆದ್ದಲಿನ ಭಯ ಜಾಸ್ತಿ. ಟ್ರಂಕು ಗೋಡೆಗೆ ತಾಗಿದ್ದರೆ ಮೊದಲು ಈಚೆ ಎಳೆಯಿರಿ. ಬೇವಿನೆಲೆ ಹಾಳೆಗಳ ಮಧ್ಯೆ ಇಡಬೇಡಿ, ಕಲೆಯಾಗುತ್ತದೆ. ನುಸಿಗುಳಿಗೆಯೂ ಬೇಡ. ಪುಸ್ತಕವನ್ನು ಮಲಗಿಸಿ, ಗಾಳಿಯಾಡುವ ಮರದ ಬೀರುವಿನಲ್ಲಿಡಿ, ನೆಲದಿಂದ ಮೇಲೆ. ಕಂದು ಚುಕ್ಕೆ ಇದ್ದರೆ ಉಜ್ಜಬೇಡಿ. ಮಳೆಗಾಲದಲ್ಲಿ ಆಗಾಗ ತೆರೆದು ನೋಡುತ್ತಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಣ್ಣದ ಚಿತ್ರ ಇದೆ! ಹಿಂಬದಿಯಲ್ಲಿ ಬೇರೆ ಇಸವಿ ಇಲ್ಲ. ಆದರೆ ಶೀರ್ಷಿಕೆ ಹಾಳೆಯ ಮೇಲೆ ಒಂದು ಹೈಸ್ಕೂಲಿನ ಸೀಲು ಇದೆ. ಅಜ್ಜ ಅಲ್ಲೇ ಕೆಲಸ ಮಾಡಿದ್ದು. ಅಳಿಸಬಹುದಾ?

ನಿವೃತ್ತ ಲೈಬ್ರೇರಿಯನ್:
ಅಳಿಸಲೇಬೇಡಿ. ‘ರದ್ದು’ ಅಥವಾ ‘ವಿತ್‌ಡ್ರಾನ್’ ಅಂತ ಇನ್ನೊಂದು ಮುದ್ರೆ ಇದೆಯಾ ಹುಡುಕಿ. ಇದ್ದರೆ ಶಾಲೆಯವರೇ ಬಿಟ್ಟುಕೊಟ್ಟದ್ದು. ಇಲ್ಲದಿದ್ದರೆ ಮಾರುವ ಮುಂಚೆ ಹೆಡ್‌ಮಾಸ್ಟರನ್ನು ಭೇಟಿ ಮಾಡಿ ಕೇಳಿ. ಅಜ್ಜನಿಗೆ ಬೀಳ್ಕೊಡುಗೆಯಲ್ಲಿ ಕೊಟ್ಟದ್ದೂ ಇರಬಹುದು, ಓದಲು ತಂದದ್ದೂ ಇರಬಹುದು. ಒಪ್ಪಿಗೆ ಕೊಟ್ಟರೆ ಕಾಗದದಲ್ಲಿ ಬರೆಸಿಕೊಳ್ಳಿ. ವಾಪಸ್ ಕೇಳಿದರೆ ಕೊಟ್ಟುಬಿಡಿ, ಅದು ಆ ಮಕ್ಕಳ ಪುಸ್ತಕ.

ಚಿತ್ರದುರ್ಗದ ಸಂಗ್ರಾಹಕ:
ಈ ಮಾತಿಗೆ ನನ್ನದೂ ಒಪ್ಪಿಗೆ. ನಿಮ್ಮದೇ ಅಂತಾದರೆ ರಟ್ಟು, ಬೆನ್ನು, ಶೀರ್ಷಿಕೆ ಹಾಳೆಯ ಎರಡೂ ಬದಿ, ಬಣ್ಣದ ಚಿತ್ರ, ಸೀಲು, ಹರಿದ ಜಾಗ ಎಲ್ಲದರ ಫೋಟೋ ತೆಗೆಯಿರಿ. ಹಳೇ ಪುಸ್ತಕದ ವ್ಯಾಪಾರಿಗಳಿಗೆ, ಹರಾಜು ಸಂಸ್ಥೆಗಳಿಗೆ ಫೋಟೋ ಮಾತ್ರ ಕಳಿಸಿ, ಪುಸ್ತಕ ಕಳಿಸಬೇಡಿ. ಆನ್‌ಲೈನ್‌ನಲ್ಲಿ ಮಾರುವವರು ಹಾಕಿದ ಬೆಲೆ ನಂಬಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಹೊರದೇಶದವರು ಕೇಳಿದರೆ ತಕ್ಷಣ ಪಾರ್ಸೆಲ್ ಮಾಡಬೇಡಿ. ಪುಸ್ತಕಕ್ಕೆ ನೂರು ವರ್ಷ ದಾಟಿದೆ, 1972ರ ಪ್ರಾಚ್ಯವಸ್ತು ಕಾಯ್ದೆ ಇದಕ್ಕೆ ಅನ್ವಯಿಸುತ್ತದೆಯೇ ಅಂತ ಪುರಾತತ್ವ ಸರ್ವೇಕ್ಷಣೆಯವರಿಂದ ಮೊದಲೇ ತಿಳಿದುಕೊಳ್ಳಿ. ಹೆಡ್‌ಮಾಸ್ಟರ್ ಏನಂದರು ಅಂತ ಇಲ್ಲೇ ಬರೆಯಿರಿ.