ಅಕಾಡೆಮಿ ಇದೆಯಲ್ಲ ಅಂದ ಅಣ್ಣನಿಗೆ

ಎಲ್ಲರಿಗೂ ನಮಸ್ಕಾರ. ಅಣ್ಣ, ನೀವು ರಾತ್ರಿ ಹಾಕಿದ್ದನ್ನ ಈಗ ನೋಡಿದೆ. ನಮ್ಮ ಕೊಡಗಿನ ಊರಿನ ಕಲೆ, ಸಂಸ್ಕೃತಿ ಬಗ್ಗೆ ಭಾನುವಾರ ಸಭೆ ಸೇರಿ ಸರ್ಕಾರಕ್ಕೆ ಮನವಿ ಕೊಡೋದು ನಮ್ಮ ಕೆಲಸವಾ, ಅದಕ್ಕೆ ಅಕಾಡೆಮಿ ಇದೆಯಲ್ಲ, ಇಲಾಖೆ ಇದೆಯಲ್ಲ ಅಂತ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಕೇಳಿ.

ಅಕಾಡೆಮಿ ತಾನಾಗಿ ಬಂತಾ ಅಣ್ಣ? ಕೊಡವ ಅಕಾಡೆಮಿ ಆಗಿದ್ದು 1994ರಲ್ಲಿ, ಇಲ್ಲಿನ ಗೌಡರು ಆಡೋ ಅರೆಭಾಷೆಯದ್ದು 2011ರಲ್ಲಿ. ಜನ ಕೇಳ್ತಾನೇ ಇದ್ದಿದ್ದಕ್ಕೆ ಬಂತು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಗಾದೆ, ಪದ್ಧತಿ ಎಲ್ಲ ಕೂಡಿಸಿ ಪಟ್ಟೋಲೆ ಪಳಮೆ ಪುಸ್ತಕ ತಂದಾಗ ಯಾವ ಅಕಾಡೆಮಿ ಇತ್ತು? ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಯನ್ನೇ ತಗೊಳ್ಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲುವಿನಲ್ಲಿ 360. ಸರ್ಕಾರ ಆಮೇಲೆ ಕೈ ಜೋಡಿಸಿರಬಹುದು, ಮೊದಲು ಹೊರಟೋರು ಊರವರೇ.

ಆದ್ರೆ ನನ್ನ ಸಂಕಟ ಬೇರೆ. ಗ್ರೂಪಿನಲ್ಲಿ ಬಂದ ಮನವಿಯ ಕರಡು ಓದಿದೆ. ಹೆಂಗಸರ ಕುಣಿತ ಉಮ್ಮತ್ತಾಟ್ ಇದೆ, ಸುಗ್ಗಿ ಹಬ್ಬದ ಹುತ್ತರಿ ಕೋಲಾಟ ಇದೆ, ಸಭಾಭವನಕ್ಕೆ ಅನುದಾನ ಇದೆ. ಕೊಂಬು, ಡೋಲಿನ ವಾಲಗದ ಮಾತೇ ಇಲ್ಲ! ವಾಲಗ ಇಲ್ಲದೆ ನಮ್ಮಲ್ಲಿ ಮದುವೆ ಕಳೆ ಕಟ್ಟುತ್ತಾ? ಕೊಡವರ ಮನೆಯಾಗ್ಲಿ ಗೌಡರ ಮನೆಯಾಗ್ಲಿ, ಕೊಂಬಿನ ದನಿ ಕೇಳಿದ್ರೆ ಅಜ್ಜಿಯರೂ ಎದ್ದು ಹೆಜ್ಜೆ ಹಾಕ್ತಾರೆ. ಆ ವಾಲಗ ನುಡಿಸೋರು ಹೆಚ್ಚಾಗಿ ಕೆಂಬಟ್ಟಿ ಸಮುದಾಯದ ಜನ. ಅವರಲ್ಲಿ ಒಬ್ಬರನ್ನಾದ್ರೂ ನಾವು ಸಭೆಗೆ ಕರೆದಿದ್ದೀವಾ?

ಮೊನ್ನೆ ಒಂದು ಮದುವೇಲಿ ಊಟದ ಹಾಲ್ ಹಿಂದೆ ವಾಲಗದ ಹಿರಿಯರೊಬ್ಬರು ಡೋಲನ್ನ ಮಂಡಿ ಮೇಲಿಟ್ಟು ಹಗ್ಗ ಬಿಗೀತಾ ಕೂತಿದ್ರು. ಒಂದು ಕಡೆ ಎಳೆಯೋದು, ಬೆರಳಲ್ಲಿ ತಟ್ಟಿ ಕಿವಿ ಕೊಡೋದು, ಮತ್ತೆ ಎಳೆಯೋದು. ಪಕ್ಕದಲ್ಲಿ ಮೊಮ್ಮಗ. ಇವನಿಗೂ ಕಲಿಸಿದ್ದೀರಾ ಅಂತ ಕೇಳಿದೆ. "ಮಳೆ ಹಿಡಿದ್ರೆ ಮದುವೆ ಇಲ್ಲ ಅಕ್ಕ, ಆಮೇಲೆ ತೋಟದ ಕೂಲಿನೇ. ಇವನು ಮೈಸೂರಲ್ಲಿ ಕೆಲಸ ನೋಡ್ಕೊಂಡಿದ್ದಾನೆ" ಅಂದ್ರು. ಒಳಗೆ ಡಿಜೆಯವನು ಸ್ಪೀಕರ್ ಜೋಡಿಸ್ತಾ ಇದ್ದ. ಅದನ್ನ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಎರವರು, ಜೇನುಕುರುಬರಂಥ ಬುಡಕಟ್ಟು ಜನರದ್ದೂ ಇದೇ ಕಥೆ. ಮೆರವಣಿಗೆ ಮುಂದೆ ಕುಣಿಯೋಕೆ ಕರೀತೀವಿ, ವೇದಿಕೇಲಿ ಕುರ್ಚಿ ಕೊಡಲ್ಲ. ದೇವರಪುರದಲ್ಲಿ ಅವರು ಮಾಡೋ ಕುಂಡೆ ಹಬ್ಬದ ದಿನ ಪೇಪರಲ್ಲಿ ಫೋಟೋ ಬರುತ್ತೆ, ಮುಗೀತು. ಅವರ ನುಡಿಗೆ ಬೇರೆ ಅಕಾಡೆಮಿಯೂ ಇಲ್ಲ. ಕೊಡವ ತಕ್ಕನ್ನ ಯುನೆಸ್ಕೋ ಅಳಿವಿನಂಚಿನ ಭಾಷೆ ಅಂತ ಪಟ್ಟಿ ಮಾಡಿದ್ದಕ್ಕೆ ನಾವೆಲ್ಲ ಎಷ್ಟು ನೊಂದುಕೊಂಡ್ವಿ. ಕಾಡಂಚಿನ ಹಾಡಿಯಲ್ಲಿರೋ ಈ ಜನಕ್ಕೆ ಅವರ ಮಾತಿನ ಮೇಲೆ ಅಷ್ಟೇ ಪ್ರೀತಿ ಇರಲ್ವಾ?

ಇನ್ನು ಕಾನೂನಿನ ಮಾತು. ಸಾಂಸ್ಕೃತಿಕ ವೈವಿಧ್ಯ ಕಾಪಾಡೋಕೆ ಅಂತ ಯುನೆಸ್ಕೋದಲ್ಲಿ 2005ರಲ್ಲಿ ಒಂದು ಒಪ್ಪಂದ ಆಯ್ತು, 2006ರಲ್ಲಿ ಭಾರತವೂ ಒಪ್ಪಿಕೊಂಡಿದೆ. ಈ ಕೆಲಸದಲ್ಲಿ ನಾಗರಿಕ ಸಮಾಜದ ಪಾತ್ರ ಮೂಲಭೂತವಾದದ್ದು, ಸರ್ಕಾರ ಅದಕ್ಕೆ ಪ್ರೋತ್ಸಾಹ ಕೊಡಬೇಕು ಅಂತ ಅದರ 11ನೇ ವಿಧಿ ಹೇಳುತ್ತೆ. ನಾಗರಿಕ ಸಮಾಜ ಅಂದ್ರೆ ನಮ್ಮ ಯುವಕ ಸಂಘ, ಮಹಿಳಾ ಸಮಾಜ, ದೇವಸ್ಥಾನ ಸಮಿತಿ, ಆ ವಾಲಗದ ತಂಡ, ಎಲ್ಲ ಸೇರಿದ್ದೇ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲೇ ರಾಜ್ಯದ ಸಾಂಸ್ಕೃತಿಕ ನೀತಿಗೆ ವರದಿ ಕೊಟ್ಟಿದೆ. ನೀತಿ ಮೇಲಿಂದ ಬರಬಹುದು ಅಣ್ಣ, ನಮ್ಮೂರಲ್ಲಿ ಯಾರು ಏನು ನುಡಿಸ್ತಾರೆ, ಯಾರ ಮಕ್ಕಳು ಬಿಟ್ಟು ಹೋಗ್ತಿದ್ದಾರೆ ಅನ್ನೋದು ಬೆಂಗಳೂರಿಗೆ ಹೇಗೆ ಗೊತ್ತಾಗ್ಬೇಕು? ನಾವೇ ಹೇಳಬೇಕು.

ಸಭಾಭವನ ಈ ಸಲ ಬೇಡ. ಕಟ್ಟಡಗಳು ಸಾಕಷ್ಟಿವೆ. ಕಲಿಸೋ ಹಿರಿಯರಿಗೆ ಮಳೆಗಾಲದ ತಿಂಗಳುಗಳಲ್ಲಿ ಗೌರವಧನ ಕೇಳೋಣ, ಕಲಿಯೋ ಹುಡುಗರಿಗೆ ವಾದ್ಯ ಕೇಳೋಣ. ಮಡಿಕೇರಿ ಆಕಾಶವಾಣೀಲಿ ಎರವರ ಹಾಡಿಗೂ ಹೊತ್ತು ಕೊಡಿ ಅಂತ ಬರೆಯೋಣ. ಅದಕ್ಕೂ ಮುಂಚೆ ಅವರಿಗೇನು ಬೇಕು ಅಂತ ಅವರನ್ನೇ ಕೇಳಬೇಕು. ನಾನು ಹೇಳಿದ್ದು ಅವರಿಗೆ ಬೇಡದೇ ಇರಬಹುದು, ಆಗ ತೆಗೆದುಹಾಕೋಣ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಇಟ್ರೆ ತೋಟದ ಲೈನ್ ಮನೆಯ ಕೂಲಿಯವರು, ಹಾಡಿಯವರು ಸಂತೆಗೆ ಹೋಗಿರ್ತಾರೆ. ಸಂಜೆ ನಾಲ್ಕಕ್ಕೆ ಮಾಡೋಣ. ನಾನೇ ಪೈಸಾರಿ (ಸರ್ಕಾರಿ ಜಾಗ) ಮನೆಗಳ ಕಡೆಗೂ ಹಾಡಿ ಕಡೆಗೂ ಹೋಗಿ ಹೇಳಿ ಬರ್ತೀನಿ. ಅಣ್ಣ, ನೀವೂ ಜೊತೆಗೆ ಬನ್ನಿ, ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ. ಶನಿವಾರ ನಿಮ್ಮ ಜೀಪು ಬಿಡುವಿದೆಯಾ, ಹೇಳಿ.