ಅಪ್‌ಡೇಟ್: ಕಾಫಿ ತೋಟದ ಮರಗಳ ಮೇಲೆ ಪೋಸ್ಟ್‌ಡಾಕ್

ಸಸ್ಯ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಆದವರು ಚಿಕ್ಕಮಗಳೂರಲ್ಲೇ ಫೀಲ್ಡ್ ಇಟ್ಟುಕೊಂಡು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡಬಹುದಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಈಗ ಸ್ಪಷ್ಟವಾಗಿರೋದು ಇಷ್ಟು.

ಹಣಕ್ಕೆ ಮೊದಲು ನೋಡಬೇಕಾದ್ದು ಎನ್‌ಪಿಡಿಎಫ್, ಅಂದರೆ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಹಿಂದೆ ಇದನ್ನು ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಸೆರ್ಬ್ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್. ಅವಧಿ 2 ವರ್ಷ. ಅರ್ಜಿಗೆ ಮೊದಲೇ ಮೆಂಟರ್ ಒಪ್ಪಿರಬೇಕು, ಅವರ ಸಂಸ್ಥೆಯ ಒಪ್ಪಿಗೆ ಪತ್ರವೂ ಬೇಕು. ಸಹಿ ಓಡಾಟಕ್ಕೇ ದಿನ ಹೋಗುತ್ತೆ, ಅರ್ಜಿ ಕರೆಯುವ ಪ್ರಕಟಣೆ ಬರಲಿ ಅಂತ ಕಾಯಬೇಡಿ.

ಭದ್ರಾ ಅಭಯಾರಣ್ಯದೊಳಗೆ ಕೆಲಸವಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕೇ ಬೇಕು. ವಿದೇಶಿ ಪ್ರಜೆಯೊಬ್ಬರು ನಮ್ಮ ಸ್ಯಾಂಪಲ್ ಬಳಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರಕ್ಕೂ ಅರ್ಜಿ ಹಾಕಬೇಕು. ಖಾಸಗಿ ತೋಟಕ್ಕೆ ಸಾಮಾನ್ಯವಾಗಿ ಮಾಲೀಕರ ಲಿಖಿತ ಒಪ್ಪಿಗೆಯಿಂದ ಕೆಲಸ ಶುರುವಾಗುತ್ತೆ. ಹಾಗಾಗಿ ಮೊದಲ ವರ್ಷದ ಪ್ಲಾಟ್‌ಗಳನ್ನು (ಅಳತೆಗೆ ಗುರುತಿಸಿದ ತುಂಡು ಜಾಗಗಳನ್ನು) ತೋಟದಲ್ಲೇ ಹಾಕೋದು ಜಾಣತನ.

ತೋಟದಲ್ಲಿ ಎಡವೋದು ಮರಗಸಿಯಲ್ಲಿ, ಅಂದರೆ ನೆರಳುಮರದ ಕೊಂಬೆ ಕಡಿಯೋದರಲ್ಲಿ. ಮಳೆಗಾಲಕ್ಕೆ ಮುಂಚೆ ಇದನ್ನು ಮಾಡಿಸುತ್ತಾರೆ. ಒಂದು ಪ್ಲಾಟಿನ ಬೆಳಕನ್ನು ಮರಗಸಿಗೆ ಮೊದಲು, ಇನ್ನೊಂದರದನ್ನು ಆಮೇಲೆ ಅಳೆದರೆ ನೀವು ಹೋಲಿಸುತ್ತಿರೋದು ಮರದ ಜಾತಿಯನ್ನಲ್ಲ, ಕತ್ತಿಯನ್ನು! ಮರಗಸಿಯ ದಿನಾಂಕವನ್ನು ರೈಟರ (ತೋಟದ ಲೆಕ್ಕ ಬರೆಯುವವರ) ಹತ್ತಿರ ಬರೆಸಿಕೊಳ್ಳಿ, ಎರಡೂ ಹಂತದಲ್ಲಿ ಎಲ್ಲ ಪ್ಲಾಟ್ ಅಳೆಯಿರಿ. ಸಿಲ್ವರ್ ಓಕ್ ಸಾಲನ್ನೂ ಹಲಸು, ನೇರಳೆ, ಅತ್ತಿ ಬೆರೆತ ನೆರಳನ್ನೂ ಬೇರೆ ಬೇರೆ ಪ್ಲಾಟ್ ಮಾಡಿ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಅದರ ಮೇಲೆ ಹೆಚ್ಚಾಗಿ ಮೆಣಸಿನ ಬಳ್ಳಿಯೂ ಇರುತ್ತೆ.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಮೆಂಟರ್ ಸಿಗಬಹುದಾ ಅನ್ನೋದನ್ನು ಮುಂದೆ ವಿಚಾರಿಸಬೇಕು.